ನಮ್ಮ ಮನೆಯಲ್ಲಿ ಫಾಜೊ ಮಾತ್ರ

ಅಕ್ಟೋಬರ್ 9, ಭಾನುವಾರ

ಈ ಡೈರಿ ಔಷಧಿ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟದ್ದು. ಇಷ್ಟು ದಿನ ಖಾಲಿ ಬಿದ್ದಿತ್ತು. ಗೋಡೆಗೆ ಹೇಳಿ ಹೇಳಿ ಸಾಕಾಗಿದೆ, ಇನ್ನು ಇದಕ್ಕೆ ಹೇಳುತ್ತೇನೆ.

ಬೆಲ್ಲುನೋ ಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ ಮೊನ್ನೆ ಖಡಾಖಂಡಿತವಾಗಿ ಹೇಳಿದರು. ಸೌದೆ ಒಲೆ ಇರಬೇಕು ಅಥವಾ ನನ್ನ ಗಂಡ ಎರ್ಮೆಸ್ ಇರಬೇಕು, ಎರಡೂ ಒಂದೇ ಕೋಣೆಯಲ್ಲಿ ಇರುವುದಕ್ಕಾಗದು. ಮೂವತ್ತು ವರ್ಷ ಸ್ವಿಸ್ ಬೆಟ್ಟಗಳಲ್ಲಿ ಸುರಂಗ ಕೊರೆದವನು ಅವನು. ಆ ಕಲ್ಲಿನ ಧೂಳೆಲ್ಲ ಎದೆಯಲ್ಲಿ ಕೂತಿದೆ. ಅದರ ಮೇಲೆ ಹೊಗೆ ಬೇರೆ.

ಹೋದ ಮೂರು ಚಳಿಗಾಲ ಸೌದೆ ಕಡಿದವಳು ನಾನು, ಒಟ್ಟಿದವಳು ನಾನು. ಅವನು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೋಲಿನಿಂದ ಗಾಜು ಕುಟ್ಟುತ್ತಿದ್ದ. "ತೊಗಟೆ ಮೇಲಕ್ಕೆ ಬರಬೇಕು ಕಣೇ! ಸಾಲು ಬಾಗ್ತಿದೆ! ಜನ ನೋಡಿದ್ರೆ ಏನಂತಾರೆ?" ನಮ್ಮೂರಲ್ಲಿ ಗಂಡಸಿನ ಯೋಗ್ಯತೆಯನ್ನು ಅವನ ಮನೆ ಗೋಡೆಗೆ ಒಟ್ಟಿದ ಸೌದೆ ನೋಡಿ ಅಳೆಯುತ್ತಾರೆ. ಒಟ್ಟಿದವರು ಯಾರು ಅಂತ ಯಾರೂ ಕೇಳುವುದಿಲ್ಲ.

ಪೆಲೆಟ್ ಒಲೆ ತರೋಣ ಎಂದೆ, ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡುಗಳನ್ನು ಉರಿಸುವಂಥದ್ದು. ಎರಡು ದಿನ ಮಾತು ಬಿಟ್ಟ. ಇವತ್ತು ಊಟದ ಹೊತ್ತಿಗೆ ಬಾಯಿ ಬಿಟ್ಟ. "ತರ್ಸು. ಆದ್ರೆ ಫಾಜೊ ಪೆಲೆಟ್ ಮಾತ್ರ. ಈ ಮನೇಲಿ ಅಬೇತೆ ಉರಿದಿಲ್ಲ, ಉರಿಯೋದೂ ಇಲ್ಲ."

ಫಾಜೊ ಎಂದರೆ ನಮ್ಮ ಊರ ಕಾಡಿನ ಗಟ್ಟಿ ಮರ, ಕೆಂಡ ರಾತ್ರಿಯಿಡೀ ನಿಲ್ಲುತ್ತದೆ. ಅಬೇತೆ ಸೂಜಿ ಎಲೆಯ ಮೆದು ಮರ. ಚಟಪಟ ಸಿಡಿದು ಬೇಗ ಮುಗಿಯುತ್ತದೆ, ಚಿಮಣಿಗೆ ರಾಳ ಹಿಡಿಸುತ್ತದೆ. ಕಾಡಿನ ಪಾಲು ಸಿಗದ ಬಡವರು ಉರಿಸುವುದು ಅದನ್ನು. ನಾನೂ ಇದೇ ಊರಲ್ಲಿ ಹುಟ್ಟಿದವಳು, ಆ ಮಾತು ನನಗೂ ಸರಿ ಕಂಡಿತು. ಒಪ್ಪಿದನಲ್ಲ, ಸದ್ಯ. ಅವನ ಎದೆಯೊಳಗಿನ ಸಿಳ್ಳೆ ಅಡುಗೆಮನೆಯವರೆಗೆ ಕೇಳಿಸುತ್ತದೆ, ಅದು ನಿಂತರೆ ನನಗೆ ಸಾಕು.

ಅಕ್ಟೋಬರ್ 14, ಶುಕ್ರವಾರ

ಹಳೆಯ ಒಲೆಯನ್ನು ಇಬ್ಬರು ಹೊತ್ತುಕೊಂಡು ಹೋದರು. ಅತ್ತೆ ಕಾಲದ್ದು. ಎರ್ಮೆಸ್ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಲೆ ಇದ್ದ ಜಾಗವನ್ನು ನಾನು ಗುಡಿಸಿದೆ.

ಹೊಸದನ್ನು ಕೂರಿಸಿದವನು ಲೋರಿಸ್, ಕಣಿವೆಯ ಒಲೆ ರಿಪೇರಿಯೆಲ್ಲ ಅವನದೇ. ಮೇಲಿನ ಮುಚ್ಚಳ ತೆರೆದು ಪೆಲೆಟ್ ಸುರಿಯುವುದು. ಅದು ಸ್ವಲ್ಪಸ್ವಲ್ಪವಾಗಿ ಒಳಗಿನ ಕಬ್ಬಿಣದ ಬಟ್ಟಲಿಗೆ ಬಿದ್ದು ಉರಿಯುತ್ತದೆ. ಬಟ್ಟಲಿನ ತೂತು ಕಟ್ಟಿಕೊಳ್ಳಬಾರದು. ಕಟ್ಟಿದರೆ ಗಾಳಿ ಆಡದೆ ಹೊಗೆ ಹಿಂದಕ್ಕೆ ಬರುತ್ತದೆ.

"ಅಬೇತೆ ಹಾಕಿ, ಸಿನ್ಯೋರಾ. ಬಿಳೀ ಪೆಲೆಟ್. ಬೂದಿ ಕಡಿಮೆ, ದಿನಕ್ಕೊಂದ್ಸಲ ಒರೆಸಿದ್ರೆ ಆಯ್ತು," ಎಂದ.

ಎರ್ಮೆಸ್ ಕೋಣೆಯಿಂದ ಹೊರಗೆ ಬಂದ. "ಏನಯ್ಯಾ, ನಿನ್ನ ಜನ್ಮದಲ್ಲಿ ಎಷ್ಟು ಸೌದೆ ಕಡಿದಿದೀಯ?"

"ಒಂದೂ ಇಲ್ಲ. ಆದ್ರೆ ಒಲೆ ಎಷ್ಟು ಬಿಚ್ಚಿದೀನಿ ಕೇಳಿ."

"ಫಾಜೊಗಿಂತ ಅಬೇತೆ ಮೇಲಂತೆ! ನಿಮ್ಮಪ್ಪ ಕೇಳಿದ್ರೆ ಗೋರಿಯಿಂದ ಎದ್ದು ಬಂದು ಬಾರಿಸ್ತಿದ್ದ."

"ಸೌದೆಯಲ್ಲಿ ನೀವು ಹೇಳಿದ್ದೇ ಸರಿ, ಯಜಮಾನ್ರೇ. ಇದು ಸೌದೆಯಲ್ಲ. ಪುಡಿ ಮಾಡಿ ಒತ್ತಿದ್ದು. ಇದರ ಲೆಕ್ಕ ಬೇರೆ."

ಎರ್ಮೆಸ್ ಮುಖ ತಿರುಗಿಸಿದ. ಲೋರಿಸ್ ನನ್ನ ಕಡೆ ನೋಡಿದ, ನಾನು ಕಾಫಿ ಬಸಿಯುವ ನೆಪ ಮಾಡಿ ಅತ್ತ ಹೋದೆ.

ಅಕ್ಟೋಬರ್ 15, ಶನಿವಾರ

ಕೃಷಿ ಸಾಮಾನಿನ ಅಂಗಡಿಯ ನಿಲೋ ಒಳ್ಳೆಯ ಮನುಷ್ಯ. ಎರಡು ಬಗೆ ತೋರಿಸಿದ. ಒಂದೊಂದು ಹಿಡಿಯನ್ನು ನೀರಿನ ಲೋಟಕ್ಕೆ ಹಾಕಿದ. ಬಿಳಿಯದು ಸೀದಾ ತಳಕ್ಕೆ ಹೋಗಿ ಹಿಟ್ಟಿನ ಹಾಗೆ ಬಿಚ್ಚಿಕೊಂಡಿತು. ಕಂದು ಬಣ್ಣದ್ದೂ ಮುಳುಗಿತು, ಆದರೆ ನೀರಿನ ಮೇಲೆ ಕರೀ ಚೂರುಗಳು ತೇಲಿದವು.

"ತೊಗಟೆ," ಎಂದ ನಿಲೋ. "ಫಾಜೊ ಸರಿ, ಆದ್ರೆ ಸುಲಿಯದೆ ಅರೆದಿದ್ದಾರೆ. ಈ ವರ್ಷ ಒಳ್ಳೇ ಫಾಜೊ ಸಿಕ್ತಿಲ್ಲ. ಬಿಳೀದು ಒಯ್ಯಿ, ನೀವೆಸ್. ನನ್ನ ಮಾತು ಕೇಳು."

ಬಿಳಿಯದರ ಚೀಲದಲ್ಲಿ ಕೈ ಹಾಕಿದೆ. ತಣ್ಣಗೆ, ನುಣ್ಣಗೆ. ಕೈ ತೆಗೆದರೆ ಧೂಳೇ ಇಲ್ಲ. ಕಂದು ಚೀಲಕ್ಕೆ ಕೈ ಹಾಕಿದ್ದಕ್ಕೆ ಅಂಗೈ ಗೆರೆಯೆಲ್ಲ ಕಪ್ಪಾಯಿತು.

ಮನೆಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಎರ್ಮೆಸ್ ಕೇಳಿದ್ದು ಒಂದೇ. "ಫಾಜೊ ಇದೆಯೋ ಇಲ್ಲವೋ?"

"ಇದೆ."

"ಮತ್ತೆ ಯಾಕೆ ಫೋನು?"

ಎಪ್ಪತ್ತು ಚೀಲ ಕಂದು ಫಾಜೊ ಇಳಿಯಿತು. ಕೊಟ್ಟಿಗೆಯಲ್ಲಿ ಒಟ್ಟಿದೆ. ಸಾಲು ಬಾಗಿಲ್ಲ.

ಅಕ್ಟೋಬರ್ 27, ಗುರುವಾರ

ಮೊದಲ ಮಂಜು. ಬೆಳಿಗ್ಗೆ ಆರಕ್ಕೆ ಹಚ್ಚಿದೆ, ಹತ್ತಕ್ಕೆ ಒಲೆ ಬಾಗಿಲಿನ ಗಾಜು ಕಪ್ಪು. ಬಟ್ಟಲಿನಲ್ಲಿ ಗಟ್ಟಿ ಕರಿ ಹಳುಕು. ಆರಿಸಬೇಕು, ಆರುವವರೆಗೆ ಕಾಯಬೇಕು, ಬಾಗಿಲು ತೆರೆದು ಕೆರೆಯಬೇಕು. ತೆರೆದಾಗೆಲ್ಲ ಬೂದಿ ಹಾರುತ್ತದೆ. ಇವತ್ತು ನಾಲ್ಕು ಸಲ. ಚೀಲ ಸುರಿದಾಗಿನ ಧೂಳು ಬೇರೆ.

ಎರ್ಮೆಸನ ಕೆಮ್ಮು ಹೆಚ್ಚಾಗಿದೆ. ಹೇಳಿದರೆ, "ನಿನಗೆ ಬಾಗಿಲು ತೆಗೆಯೋಕೆ ಬರಲ್ಲ. ಮೆಲ್ಲಗೆ ತೆಗಿ," ಅನ್ನುತ್ತಾನೆ. ಮೆಲ್ಲಗೇ ತೆಗೆಯುತ್ತಿದ್ದೇನೆ, ಸ್ವಾಮಿ. ಮಗು ಮಲಗಿದ ಕೋಣೆಯ ಬಾಗಿಲಿನ ಹಾಗೆ ತೆಗೆಯುತ್ತಿದ್ದೇನೆ.

ಲೋರಿಸನನ್ನು ಕರೆಸಿದೆ. ಗಾಳಿ ಹೆಚ್ಚಿಸಿದ, ಪೆಲೆಟ್ ಬೀಳುವುದನ್ನು ಕಡಿಮೆ ಮಾಡಿದ. "ಎಷ್ಟು ತಿರುಗಿಸಿದ್ರೂ ಇಷ್ಟೇ, ಸಿನ್ಯೋರಾ. ಮಾಲೇ ಸರಿಯಿಲ್ಲ. ಅವರನ್ನ ಒಪ್ಸಿ," ಎಂದ. ಒಪ್ಪಿಸಬೇಕಂತೆ. ಲಗ್ನವಾಗಿ ಮೂವತ್ತೆಂಟು ವರ್ಷವಾಯಿತು, ಟೊಮೆಟೊ ಎಲ್ಲಿ ನೆಡಬೇಕು ಎಂಬುದನ್ನೂ ಒಪ್ಪಿಸಲು ನನ್ನಿಂದ ಆಗಿಲ್ಲ.

ನವೆಂಬರ್ 6, ಭಾನುವಾರ

ಚರ್ಚಿನ ಪೂಜೆ ಮುಗಿದ ಮೇಲೆ ಊರ ಕಾಡಿನ ಸೌದೆ ಪಾಲಿಗೆ ಚೀಟಿ ಎತ್ತಿದರು. ನಮ್ಮಲ್ಲಿ ಮನೆ ಎಣಿಸುವುದಿಲ್ಲ, ಒಲೆ ಎಣಿಸುತ್ತಾರೆ. ಸೌದೆ ಉರಿಯುವ ಒಲೆ ಇದ್ದರೆ ಒಂದು ಪಾಲು. ಹೋಗಬೇಡ ಎಂದೆ, ಕೇಳಲಿಲ್ಲ. ಕೋಟು ಹಾಕಿಕೊಂಡು, ಎರಡು ಕಡೆ ನಿಂತು ಉಸಿರು ಎಳೆದುಕೊಂಡು ಹೋದ.

ಕಾಡಿನ ಸಂಘದ ಅಧ್ಯಕ್ಷ ಎಲ್ಲರೆದುರು ಹೇಳಿದನಂತೆ, "ಎರ್ಮೆಸ್, ನಿಮ್ಮ ಮನೆ ಬೆಂಕಿ ಈಗ ಚೀಲದಲ್ಲಿ ಬರುತ್ತಲ್ಲಯ್ಯಾ! ಚೀಲಕ್ಕೇ ಚೀಟಿ ಎತ್ತು ಹೋಗು." ಎಲ್ಲ ನಕ್ಕರಂತೆ. ಅವನ ಹೆಸರು ಪಟ್ಟಿಯಿಂದ ಹೋಯಿತು. ಅವನಪ್ಪನದು, ಅಜ್ಜನದು, ಎಲ್ಲರದೂ ಇದ್ದ ಪಟ್ಟಿ.

ನನಗೆ ಅಯ್ಯೋ ಎನಿಸಿತು. ಸೂಪು ಬಿಸಿ ಮಾಡಿ ಮುಂದಿಟ್ಟೆ. ಬಟ್ಟಲನ್ನು ತಳ್ಳಿ ಹೇಳಿದ, "ಒಲೆ ತೆಗೆಸಿದವಳು ನೀನು. ಪಾಲು ಕಳೆದೆ. ಬಂಜೆ ಕೈ ಹಾಕಿದ್ದೆಲ್ಲ ಆರಿಹೋಗುತ್ತೆ."

ಮೂವತ್ತೈದು ವರ್ಷದ ಹಿಂದೆ ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿ ಏನೂ ದೋಷವಿಲ್ಲ, ಗಂಡನನ್ನು ಕರೆದುಕೊಂಡು ಬಾ ಎಂದಿದ್ದರು. ಅವನು ಹೋಗಲೇ ಇಲ್ಲ. ಗಂಡಸಿನ ಮರ್ಯಾದೆ ಹೋಗಬಾರದೆಂದು ನಾನು ಈ ಮಾತನ್ನು ಅವನ ಅಮ್ಮನಿಗೂ ಹೇಳಲಿಲ್ಲ. ಮುದುಕಿ ಸಾಯುವವರೆಗೂ ಬೈಗುಳ ತಿಂದೆ.

ಸೂಪನ್ನು ಚೆಲ್ಲಿದೆ.

ನವೆಂಬರ್ 12, ಶನಿವಾರ

ಅವನಿಗೆ ಗೊತ್ತಾಗದ ಹಾಗೆ ಬಿಳೀ ಅಬೇತೆ ಒಂದು ಚೀಲ ತಂದೆ. ಬೆಳಿಗ್ಗೆ ಅವನು ಏಳುವ ಮುಂಚೆ ಸುರಿದೆ. ದೇವರಾಣೆ, ಗಾಜು ಮಧ್ಯಾಹ್ನದವರೆಗೂ ಕನ್ನಡಿಯ ಹಾಗಿತ್ತು. ಬಾಗಿಲು ಒಂದು ಸಲವೂ ತೆರೆಯಲಿಲ್ಲ. ಅವನು ಕುರ್ಚಿಯಲ್ಲೇ ನಿದ್ದೆ ಹೋದ, ನಾಲ್ಕು ಗಂಟೆ ಕೆಮ್ಮಿಲ್ಲ. ಕೂತು ನೋಡಿದೆ. ನಿದ್ದೆಯಲ್ಲಿ ಮುಖ ಮೊದಲಿನ ಹಾಗೆ ಕಾಣುತ್ತಿತ್ತು, ಡಾನ್ಸಿಗೆ ಕರೆಯಲು ಬಂದ ದಿನದ ಹಾಗೆ.

ಎದ್ದವನೇ ಮೂಗು ಅರಳಿಸಿದ. "ಅಬೇತೆ."

"ನಾಲ್ಕು ಗಂಟೆ ಕೆಮ್ಮಲಿಲ್ಲ ನೀನು, ಎರ್ಮೆಸ್."

"ತೆಗಿ ಅದನ್ನ."

ಒಲೆ ಆರಿಸಿ, ಮೇಲಿನ ಪೆಟ್ಟಿಗೆಯೊಳಗೆ ಕೈ ಹಾಕಿ, ಹಾಲಿನ ಲೋಟದಲ್ಲಿ ತೋಡಿ ತೋಡಿ ತೆಗೆದೆ. ಅವನು ನಿಂತು ನೋಡುತ್ತಿದ್ದ. "ಮೂಲೆಯಲ್ಲೂ ಇದೆ ನೋಡು," ಎಂದ. ಮೂಲೆಯದನ್ನೂ ತೆಗೆದೆ.

ನವೆಂಬರ್ 19, ಶನಿವಾರ

ಬೆಳಿಗ್ಗೆ ಎಂಟಕ್ಕೆ ಬಟ್ಟಲು ಕಟ್ಟಿಕೊಂಡು ಹೊಗೆಯೆಲ್ಲ ಅಡುಗೆಮನೆಗೆ ನುಗ್ಗಿತು. ನಾನು ಕೋಳಿಗಳಿಗೆ ಕಾಳು ಹಾಕಲು ಹೋಗಿದ್ದೆ. ಬಂದು ನೋಡಿದರೆ ಅವನು ಮೇಜು ಹಿಡಿದು ಬಾಗಿದ್ದಾನೆ, ತುಟಿ ನೀಲಿ. ಪಕ್ಕದ ಮನೆಯ ಒಲೀವಾ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ನಾನು ಕಿಟಕಿಗಳನ್ನೆಲ್ಲ ತೆರೆದೆ.

ಅವನಿಗೆ ಏನಾದರೂ ಆದರೆ ನಾನು ಬದುಕುವುದಿಲ್ಲ. ನನ್ನದೇ ತಪ್ಪು. ಹಟ ಮಾಡಬೇಕಿತ್ತು. ಬೈಸಿಕೊಂಡಾದರೂ ಅಬೇತೆ ಹಾಕಬೇಕಿತ್ತು.

ನವೆಂಬರ್ 20

ಉಸಿರಾಡುತ್ತಿದ್ದಾನೆ. ಮುಖಕ್ಕೆ ಆಕ್ಸಿಜನ್.

ನವೆಂಬರ್ 24, ಗುರುವಾರ

ಅಪಾಯ ಕಳೆಯಿತಂತೆ. ಇನ್ನೂ ಕೆಲವು ವಾರ ಅಲ್ಲೇ ಇರಬೇಕು. ಮನೆಗೆ ಬಂದು ಫಾಜೊ ಎಲ್ಲ ತೆಗೆದು ಒಲೆಯನ್ನು ತೊಳೆದಿಟ್ಟ ಹಾಗೆ ಒರೆಸಿದೆ. ಲೋರಿಸ್ ಚೀಲಗಳನ್ನು ಒಯ್ದ. ಗುಡ್ಡದ ಆಚೆ ದೊಡ್ಡ ಒಲೆಯವರೊಬ್ಬರಿಗೆ ಆಗುತ್ತದಂತೆ. ಬದಲಿಗೆ ನಿಲೋ ಬಿಳಿಯದನ್ನು ಕಳಿಸಿದ. ಎರ್ಮೆಸ್ ಬರುವಷ್ಟರಲ್ಲಿ ಮನೆಯ ಗಾಳಿ ಸ್ವಚ್ಛವಾಗಿರಬೇಕು.

ಡಿಸೆಂಬರ್ 1, ಗುರುವಾರ

ಬೆಳಿಗ್ಗೆ ಏಳೂವರೆಯವರೆಗೆ ಮಲಗಿದ್ದೆ! ಎದ್ದು ಗಡಿಯಾರ ನೋಡಿ ಗಾಬರಿಯಾಯಿತು, ಆಮೇಲೆ ಯಾರಿಗೆ ಗಾಬರಿ ಅಂತ ನಗು ಬಂತು. ಒಲೆ ತಾನೇ ಹೊತ್ತಿಕೊಂಡಿತ್ತು. ಗಾಜಿನಾಚೆ ಹಳದಿ ಉರಿ, ಶಬ್ದವೇ ಇಲ್ಲ. ಕಿಟಕಿಯ ಪಕ್ಕದ ಆ ಕುರ್ಚಿಯನ್ನು ಒಲೆಯ ಮುಂದೆ ಎಳೆದುಕೊಂಡು ಕಾಫಿ ಕುಡಿದೆ. ಈ ಮನೆಗೆ ಬಂದ ಮೇಲೆ ಆ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಕೂತರೆ ಹಿತವಾಗಿದೆ.

ಮಧ್ಯಾಹ್ನ ಒಲೀವಾ ಬಂದಳು. ಇಸ್ಪೀಟು ಆಡಿದೆವು. "ಏನೇ ನೀವೆಸ್, ಗಂಡ ಆಸ್ಪತ್ರೆಯಲ್ಲಿ, ನಿನ್ನ ಕೆನ್ನೆ ನೋಡಿದ್ರೆ ಮದುವೆ ಹೆಣ್ಣು!" ಎಂದಳು. ಛೀ, ಸುಮ್ನಿರೇ ಎಂದೆ. ಒಲೆಯ ಬಿಸಿಗೆ ಕೆಂಪಾಗಿರಬೇಕು. ಸಂಜೆಗೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ಮಾಡಿ ಮೇಲೆ ಬರೀ ಅಣಬೆ ಹಾಕಿಕೊಂಡು ತಿಂದೆ. ಅವನಿಗೆ ಅಣಬೆ ಸೇರುವುದಿಲ್ಲ, ಹಾಗಾಗಿ ನಾನು ಮಾಡುವುದು ಬಿಟ್ಟು ಎಷ್ಟು ವರ್ಷವಾಗಿತ್ತೋ. ಇಡೀ ಬಾಣಲೆ ಖಾಲಿ ಮಾಡಿದೆ.

ಡಿಸೆಂಬರ್ 9, ಶುಕ್ರವಾರ

ಡಾಕ್ಟರಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರು, "ಮನೆಯ ಗಾಳಿ ಶುದ್ಧವಾಗಿದ್ರೆ ಇನ್ನೂ ಐದಾರು ವರ್ಷಕ್ಕೆ ಮೋಸವಿಲ್ಲ. ಮತ್ತೆ ಆ ಧೂಳು, ಹೊಗೆ ತಾಗಿದ್ರೆ ಈ ಚಳಿಗಾಲ ದಾಟೋದು ಕಷ್ಟ. ಅರ್ಥ ಆಯ್ತಲ್ಲ, ಸಿನ್ಯೋರಾ?"

ಅರ್ಥವಾಯಿತು ಎಂದೆ. ಬಸ್ಸಿನಲ್ಲಿ ಕೂತಾಗ, ಐದಾರು ವರ್ಷ ಎಂದರೆ ನನಗೆ ಎಪ್ಪತ್ತು ಅನ್ನಿಸಿತು. ಸುಮ್ಮನೆ ಅನ್ನಿಸಿದ್ದು.

ಮುಂದಿನ ವಾರ ಕರೆದುಕೊಂಡು ಹೋಗಬಹುದು ಎಂದರು. ಚಿಮಣಿ ಕ್ಲೀನ್ ಮಾಡಿಸಬೇಕು, ಆಮೇಲೆ ಎಂದೆ. ಚಿಮಣಿ ಕ್ಲೀನಾಗಿಯೇ ಇದೆ. ಆದರೂ ಇನ್ನೊಮ್ಮೆ ಮಾಡಿಸಿದರೆ ಒಳ್ಳೆಯದೇ.

ಡಿಸೆಂಬರ್ 20, ಮಂಗಳವಾರ

ಫೋನ್ ಮಾಡಿದ. ನನ್ನ ಆರೋಗ್ಯ ಕೇಳಲಿಲ್ಲ. "ಏನು ಉರಿಸ್ತಿದೀಯ?"

"ಫಾಜೊ."

"ಹೂಂ. ಚಿಮಣಿಯವನು ಇನ್ನೂ ಬಂದಿಲ್ವಾ?"

"ಹಬ್ಬದ ಸಮಯ, ಸಿಗ್ತಿಲ್ಲ."

ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ! ಇಷ್ಟು ವರ್ಷ ಸುಮ್ಮನೆ ಕಷ್ಟಪಟ್ಟೆ.

ಡಿಸೆಂಬರ್ 25

ಒಲೀವಾ ಮನೆಯಲ್ಲಿ ಊಟ. ಆಸ್ಪತ್ರೆಗೆ ನಾಳೆ ಹೋದರಾಯಿತು. ಹಿಮ ಬೀಳುತ್ತಿದೆ.

ಜನವರಿ 5, ಗುರುವಾರ

ಬಂದ. ಆಂಬ್ಯುಲೆನ್ಸಿನವರು ಹೊಸಿಲವರೆಗೆ ಕರೆತಂದರು. ಒಳಗೆ ಕಾಲಿಡುತ್ತಲೇ ನಿಂತ, ಮೂಗು ಅರಳಿಸಿದ. ನನಗೆ ಆಗಲೇ ಗೊತ್ತಾಯಿತು.

ನೋಡಿಕೊಂಡು ಹೋಗೋಣವೆಂದು ಒಲೀವಾ ಬಂದಿದ್ದಳು, ಅವಳ ಎದುರಿಗೇ ಶುರು ಮಾಡಿದ. "ನಲವತ್ತೇಳು ದಿನ ಮನೇಲಿ ಇಲ್ಲದ್ದಕ್ಕೆ ಅಬೇತೆ ಮನೆ ಮಾಡಿಟ್ಟಿದಾಳೆ. ನನ್ನ ಕುರ್ಚಿ ಯಾಕೆ ಇಲ್ಲಿದೆ?"

"ಡಾಕ್ಟರು ಏನಂದ್ರು ಗೊತ್ತಲ್ಲ? ಧೂಳು ತಾಗಿದ್ರೆ ಚಳಿಗಾಲ ದಾಟಲ್ಲ ಅಂದ್ರು, ಎರ್ಮೆಸ್. ನಿನಗೂ ಹೇಳಿದಾರೆ."

"ಡಾಕ್ಟರಮ್ಮ ಸೌದೆ ಕಡಿದಿದಾಳಾ?"

"ನನ್ನ ಮಾತು ಒಂದ್ಸಲ ಕೇಳು. ಒಂದೇ ಒಂದ್ಸಲ."

"ಬಂಜೆ ಮಾತು ಕೇಳಿ ನನ್ನ ಹೆಸರೇ ಪಟ್ಟಿಯಿಂದ ಹೋಯ್ತು. ನಾನು ಸಾಯೋವರೆಗೂ ಈ ಮನೇಲಿ ಫಾಜೊ. ಹೇಳಿದ್ದು ಮಾಡು."

ಒಲೀವಾ ಶಾಲು ಹೊದ್ದುಕೊಂಡು ಎದ್ದು ಹೋದಳು. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಕುರ್ಚಿಯನ್ನು ಕಿಟಕಿಯ ಪಕ್ಕ ಇಟ್ಟೆ.

ಜನವರಿ 7, ಶನಿವಾರ

ಒಳ್ಳೆಯ ಬಿಸಿಲು. ನಿಲೋ ಅಂಗಡಿಗೆ ನಡೆದೇ ಹೋದೆ.

"ಫಾಜೊ ಬೇಕಾಗಿತ್ತು," ಎಂದೆ.

ನಿಲೋ ಮುಖ ಅರಳಿತು. "ಒಳ್ಳೇ ಸಮಯಕ್ಕೆ ಬಂದೆ ನೀವೆಸ್! ಸ್ವಚ್ಛ ಫಾಜೊ ಬಂದಿದೆ ನೋಡು, ತೊಗಟೆ ಸುಲಿದು ಅರೆದದ್ದು. ಬೂದಿ ಕಟ್ಟಲ್ಲ, ಧೂಳಿಲ್ಲ. ಎರ್ಮೆಸನ ಹಟವೂ ಉಳೀತು, ಎದೆಯೂ ಉಳೀತು." ಹಿಡಿಯಷ್ಟನ್ನು ನನ್ನ ಅಂಗೈಗೆ ಹಾಕಿದ. ಬೆಳ್ಳಗೆ, ನುಣ್ಣಗೆ ಇತ್ತು. ಕೈ ಕೊಡವಿದೆ, ಕೈಗೆ ಏನೂ ಅಂಟಿರಲಿಲ್ಲ.

"ಹಳೇದು ಉಳಿದಿದೆಯಾ? ಕಂದು ಬಣ್ಣದ್ದು?"

"ಇದೆ, ಹಿಂದೆ ಬಿದ್ದಿದೆ. ಅದ್ಯಾಕೆ ಮಾರಾಯ್ತಿ?"

"ಅವನಿಗೆ ಅದರ ವಾಸನೆ ಅಭ್ಯಾಸ. ಅದೇ ಕೊಡು, ಇಪ್ಪತ್ತು ಚೀಲ."

ನಿಲೋ ಬರೆದುಕೊಂಡ. ಸಂಜೆಯೊಳಗೆ ಚೀಲಗಳು ಬಂದವು. ಸುರಿದು ಹಚ್ಚಿದೆ. ಅವನು ಕಿಟಕಿಯ ಪಕ್ಕ ಕೂತು, "ಈಗ ನೋಡು, ಮನೆ ಮನೆ ಥರ ಆಯ್ತು," ಎಂದ. ಮೂವತ್ತೆಂಟು ವರ್ಷದಲ್ಲಿ ನನ್ನನ್ನು ಹೊಗಳಿದ್ದು ಎರಡನೆಯ ಸಲವೋ ಮೂರನೆಯ ಸಲವೋ. ಚಳಿ ಎಂದ, ಕಿಟಕಿ ಭದ್ರವಾಗಿ ಹಾಕಿದೆ. ಕೆಮ್ಮುತ್ತಿದ್ದಾನೆ. ನನಗೆ ಇವತ್ತು ಯಾರ ಮೇಲೂ ಕೋಪವಿಲ್ಲ. ಅವನು ಹೇಳಿದ್ದನ್ನು ಮಾಡಿದ್ದೇನೆ, ಇಷ್ಟು ವರ್ಷ ಮಾಡಿದ ಹಾಗೆಯೇ. ಇನ್ನೊಂದು ಚಳಿಗಾಲ ಮಾಡಿದರೆ ನನ್ನ ಗಂಟೇನು ಹೋಗುತ್ತದೆ?

ಅಂಗಡಿಯಿಂದ ಹೊರಡುವಾಗ ಇನ್ನೊಂದು ಮಾತು ಹೇಳಿ ಬಂದೆ. ಬಿಳೀ ಅಬೇತೆ ಹತ್ತು ಚೀಲ ನನ್ನ ಹೆಸರಿನಲ್ಲಿ ತೆಗೆದಿಡು ಎಂದೆ.

"ಎರ್ಮೆಸ್ ಬೇಡ ಅಂತಾನಲ್ಲ?" ಎಂದ ನಿಲೋ.

"ಈಗಲ್ಲ, ಮಾರ್ಚಿಗೆ," ಎಂದೆ. ಮಾರ್ಚಿನಲ್ಲೂ ನಮ್ಮಲ್ಲಿ ಚಳಿ ಇರುತ್ತದೆ.